ಇಳಿಯುವ ವಿದ್ಯೆ

ಮುಳ್ಳಯ್ಯನಗಿರಿಗೆ ಕಾರು ಓಡಿಸಿಕೊಂಡು ಹೋದವರು ಊರಿಗೆ ಮರಳಿ ಹೇಳುವುದೆಲ್ಲ ಹತ್ತಿದ ಕಥೆಯೇ. ಕೈಮರದ ಚೆಕ್‌ಪೋಸ್ಟ್ ದಾಟಿದ ಮೇಲೆ ಕಾಫಿ ತೋಟದ ನೆರಳು ಹೇಗಿತ್ತು, ಸಿಲ್ವರ್ ಓಕ್ ಸಾಲು ಮುಗಿದು ಹುಲ್ಲುಗುಡ್ಡ ಹೇಗೆ ಒಮ್ಮೆಲೇ ತೆರೆದುಕೊಂಡಿತು, ಸೀತಾಳಯ್ಯನಗಿರಿಯಿಂದಾಚೆ ರಸ್ತೆ ಕಿರಿದಾದ ಕಡೆ ಎದುರಿಗೆ ಜೀಪು ಬಂದಾಗ ಎದೆ ಹೇಗೆ ಝಲ್ಲೆಂದಿತು. ಇಷ್ಟಾದ ಮೇಲೆ 1,930 ಮೀಟರ್ ಎಂಬ ಅಂಕಿ, ಕರ್ನಾಟಕದ ಅತಿ ಎತ್ತರದ ಶಿಖರ ಎಂಬ ಹೆಮ್ಮೆ, ಕೊನೆಯ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತಾ ಹತ್ತಿ ಗುಡಿಯ ಬಳಿ ತೆಗೆಸಿಕೊಂಡ ಫೋಟೊ. ಅಲ್ಲಿಗೆ ಕಥೆ ಮುಗಿಯಿತು. ವಾಪಸು ಬಂದದ್ದಕ್ಕೆ ಸಿಗುವುದು ‘ಆಮೇಲೆ ಇಳಿದು ಬಂದ್ವಿ’ ಎಂಬ ಒಂದೇ ವಾಕ್ಯ. ನನ್ನ ತಕರಾರು ಇರುವುದೇ ಇಲ್ಲಿ. ಬೆಟ್ಟದ ರಸ್ತೆಯಲ್ಲಿ ಗಾಡಿ ಓಡಿಸುವುದನ್ನು ಒಂದು ವಿದ್ಯೆ ಎಂದು ಒಪ್ಪುವುದಾದರೆ ಅದರ ಮುಕ್ಕಾಲು ಪಾಲು ಇರುವುದು ಆ ಒಂದು ವಾಕ್ಯದೊಳಗೆ. ಹತ್ತುವಾಗ ದುಡಿಯುವುದು ಇಂಜಿನ್ನು. ಇಳಿಯುವಾಗ ದುಡಿಯಬೇಕಾದದ್ದು ಚಾಲಕ. ಅವನಿಗೆ ಸಿಗುವ ಸುಖವೂ ಆ ದುಡಿಮೆಯ ಲೆಕ್ಕದಲ್ಲೇ ಸಿಗುತ್ತದೆ.

ಹತ್ತುವುದನ್ನು ಹೀಗಳೆಯುತ್ತಿಲ್ಲ. ಒಂದು ಹೇರ್‌ಪಿನ್ ತಿರುವನ್ನೇ ತೆಗೆದುಕೊಳ್ಳಿ. ಹತ್ತಿರದಿಂದ ನೋಡಿದರೆ ಅದು ಒಂದು ರಸ್ತೆಯಲ್ಲ, ಎರಡು. ತಿರುವಿನ ಒಳ ಅಂಚೂ ಹೊರ ಅಂಚೂ ಏರಬೇಕಾದ ಎತ್ತರ ಒಂದೇ, ಆದರೆ ಒಳ ಅಂಚಿನ ಉದ್ದ ತೀರಾ ಕಡಿಮೆ. ಆದ್ದರಿಂದ ಒಳಗೆ ಕಡಿದು, ಹೊರಗೆ ಸಲೀಸು. ನಮ್ಮಲ್ಲಿ ಗಾಡಿ ಎಡಕ್ಕೆ ಹೋಗುವುದರಿಂದ, ಹತ್ತುವವನಿಗೆ ಎಡ ತಿರುವು ಬಂದಾಗಲೆಲ್ಲ ಆ ಕಡಿದಾದ ಒಳ ಅಂಚೇ ಗತಿ. ಕಾರಿನ ಭಾರ ಹಿಂದಕ್ಕೂ ಹೊರಕ್ಕೂ ವಾಲುತ್ತದೆ, ಒಳಗಿನ ಮುಂದಿನ ಚಕ್ರ ಹಗುರಾಗುತ್ತದೆ, ಮುಂಚಕ್ರಗಳಿಂದ ಎಳೆಯುವ ಸಣ್ಣ ಕಾರಾದರೆ ಜಲ್ಲಿಯ ಮೇಲೆ ಆ ಚಕ್ರ ಸುಮ್ಮನೆ ಗಿರ್ರನೆ ತಿರುಗುತ್ತದೆ. ಪಳಗಿದವರು ತಿರುವಿಗೆ ಮುಂಚೆಯೇ ಹಾರ್ನ್ ಹೊಡೆದು, ಕತ್ತೆತ್ತಿ ಮೇಲಿನ ರಸ್ತೆಯಲ್ಲಿ ಬಸ್ಸು ಬರುತ್ತಿದೆಯೇ ನೋಡಿ, ಗೇರು ಇಳಿಸಿಕೊಂಡು, ದಾರಿ ಖಾಲಿಯಿದ್ದರೆ ತುಸು ಅಗಲಕ್ಕೆ ತೆಗೆದುಕೊಂಡು ಹೋಗುತ್ತಾರೆ. ತಿರುವಿನ ನಡುವೆ ಗೇರಿಗೆ ತಡಕಾಡುವವನ ಗಾಡಿ ಅಲ್ಲೇ ನಿಲ್ಲುತ್ತದೆ. ಹಿಂದಿನವನ ಹಾರ್ನು, ಕ್ಲಚ್ ಪ್ಲೇಟ್ ಸುಟ್ಟ ವಾಸನೆ, ಹ್ಯಾಂಡ್ ಬ್ರೇಕ್ ಮೇಲೆ ಕೈ. ಎಲ್ಲವೂ ಮುಜುಗರದ ಸಂಗತಿಗಳೇ. ಆದರೆ ಮುಜುಗರಕ್ಕಿಂತ ಹೆಚ್ಚಿನದೇನೂ ಸಾಮಾನ್ಯವಾಗಿ ಆಗುವುದಿಲ್ಲ. ಹತ್ತುವವನು ತಪ್ಪು ಮಾಡಿದರೆ ಬೆಟ್ಟವೇ ಅವನನ್ನು ನಿಲ್ಲಿಸುತ್ತದೆ. ಇಳಿಯುವವನ ತಪ್ಪನ್ನು ಅದೇ ಬೆಟ್ಟ ಮುಂದಕ್ಕೆ ನೂಕುತ್ತದೆ.

ಈ ವ್ಯತ್ಯಾಸವನ್ನು ಅಂಕಿಗಳಲ್ಲೇ ನೋಡಬಹುದು. ಹತ್ತು ಮೀಟರ್ ಸಾಗಿದರೆ ಒಂದು ಮೀಟರ್ ಏರುವ ಇಳಿಜಾರು, ಮಳೆ ಬಿದ್ದು ಟೈರಿನ ಹಿಡಿತ ಅರ್ಧಕ್ಕೆ ಬಂದ ರಸ್ತೆ, ಗಂಟೆಗೆ 30 ಕಿಲೋಮೀಟರ್ ವೇಗ ಎಂದಿಟ್ಟುಕೊಳ್ಳಿ. ಬ್ರೇಕ್ ಒತ್ತಿದ ಮೇಲೆ ಹತ್ತುವ ಕಾರು ಸುಮಾರು 7 ಮೀಟರಿಗೆ ನಿಲ್ಲುತ್ತದೆ, ಇಳಿಯುವ ಕಾರಿಗೆ 12 ಮೀಟರ್ ಬೇಕು. ಆ ಐದು ಮೀಟರಿನಲ್ಲಿ ಒಂದು ಇಡೀ ಕಾರು ನಿಲ್ಲಬಹುದು. ಎದುರಿನವನ ಕಾರು ಅಲ್ಲಿ ನಿಂತಿರಲೂಬಹುದು. ಇದಕ್ಕಿಂತ ದೊಡ್ಡ ಲೆಕ್ಕ ಶಾಖದ್ದು. ಚಿಕ್ಕಮಗಳೂರು ಪೇಟೆಗೂ ಗಿರಿಯ ತುದಿಗೂ ಸುಮಾರು 800 ಮೀಟರ್ ಎತ್ತರದ ಅಂತರವಿದೆ. ಜನ, ಸಾಮಾನು ಸೇರಿ ಒಂದೂವರೆ ಟನ್ ತೂಗುವ ಕಾರು ಅಷ್ಟು ಎತ್ತರದಿಂದ ಕೆಳಗೆ ಬರುವಾಗ ಬಿಡುಗಡೆಯಾಗುವ ಶಕ್ತಿ ಬಚ್ಚಲುಮನೆಯ ಒಂದು ಹಂಡೆ ತಣ್ಣೀರನ್ನು, ಸುಮಾರು 35 ಲೀಟರನ್ನು, ಕುದಿಸಲು ಸಾಕು. ಹತ್ತುವಾಗ ಪೆಟ್ರೋಲು ಸುಟ್ಟು ಗಳಿಸಿದ ಎತ್ತರವನ್ನು ಇಳಿಯುವಾಗ ಎಲ್ಲಾದರೂ ಸುರಿಯಲೇಬೇಕು. ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವವನು ಆ ಅಷ್ಟನ್ನೂ ತಟ್ಟೆಯಗಲದ ನಾಲ್ಕು ಕಬ್ಬಿಣದ ಬಿಲ್ಲೆಗಳ ಮೇಲೆ ಸುರಿಯುತ್ತಾನೆ. ಗಾಳಿ ಒಂದಿಷ್ಟನ್ನು ಕೊಂಡೊಯ್ಯುತ್ತದೆ, ನಿಜ. ಉಳಿದದ್ದು ಡಿಸ್ಕನ್ನು, ಪ್ಯಾಡನ್ನು, ಕೊನೆಗೆ ಬ್ರೇಕ್ ಆಯಿಲನ್ನು ಕಾಯಿಸುತ್ತದೆ. ಆ ಆಯಿಲು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಹೊಸದಾಗಿದ್ದಾಗ 200 ಡಿಗ್ರಿ ದಾಟಿದರೂ ಕುದಿಯದ್ದು, ಹಳತಾಗಿ ನೀರು ಕುಡಿದ ಮೇಲೆ 140-150 ಡಿಗ್ರಿಗೇ ಕುದಿಯಬಹುದು. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ ಏಳುತ್ತದೆ, ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಪೆಡಲ್ಲು ಮೆತ್ತಗೆ ನೆಲಕ್ಕಿಳಿಯುತ್ತದೆ. ಪೇಪರಿನಲ್ಲಿ ‘ಬ್ರೇಕ್ ಫೇಲ್’ ಎಂದು ಬರುವ ಘಾಟಿ ಅಪಘಾತಗಳಲ್ಲಿ ಬ್ರೇಕು ತಾನಾಗಿ ಕೆಟ್ಟದ್ದೆಷ್ಟು, ಅದನ್ನು ಬೇಯಿಸಿ ಕೆಡಿಸಿದ್ದೆಷ್ಟು ಎಂಬ ಅನುಮಾನ ನನಗೆ ಯಾವಾಗಲೂ ಇದ್ದದ್ದೇ.

ಇದಕ್ಕೆ ಪರಿಹಾರ ಲಾರಿ ಡ್ರೈವರುಗಳ ಬಾಯಲ್ಲಿ ಬಹಳ ಕಾಲದಿಂದ ಇದೆ: ಹತ್ತಿದ ಗೇರಿನಲ್ಲೇ ಇಳಿ. ಸೆಕೆಂಡಿನಲ್ಲಿ ಹತ್ತಿದ ಇಳಿಜಾರನ್ನು ಸೆಕೆಂಡಿನಲ್ಲೇ ಇಳಿದರೆ, ಆಕ್ಸಿಲರೇಟರಿನಿಂದ ಕಾಲು ತೆಗೆದ ಕ್ಷಣದಿಂದ ಇಂಜಿನ್ನು ಗಾಡಿಯನ್ನು ಎಳೆಯುವ ಬದಲು ತಡೆಯತೊಡಗುತ್ತದೆ. ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ, ಮುಚ್ಚಿಕೊಂಡ ಗಾಳಿಬಾಯಿಯಿಂದ ಪಿಸ್ಟನ್ನುಗಳು ಉಸಿರೆಳೆಯಲು ಹೆಣಗುತ್ತವೆ, ಆ ಹೆಣಗಾಟದಲ್ಲಿ ಹಂಡೆಯ ಶಾಖದ ದೊಡ್ಡ ಪಾಲು ಕರಗುತ್ತದೆ. ಡೀಸೆಲ್ ಇಂಜಿನ್ನಿಗೆ ಪೆಟ್ರೋಲಿನದರಂತೆ ಗಾಳಿಬಾಯಿ ಬಿಗಿದುಕೊಳ್ಳುವುದಿಲ್ಲ, ಅದಕ್ಕೇ ಬಸ್ಸು ಲಾರಿಗಳಲ್ಲಿ ಹೊಗೆಕೊಳವೆಯನ್ನೇ ಮುಚ್ಚಿ ತಡೆಯುವ ಎಕ್ಸಾಸ್ಟ್ ಬ್ರೇಕ್ ಇಡುತ್ತಾರೆ; ಘಾಟಿ ಇಳಿಯುವ ಬಸ್ಸು ಭುಸುಗುಡುವುದು ಅದರಿಂದ. ಇಲ್ಲಿ ಜಿಪುಣರು ಅಡ್ಡ ಬಾಯಿ ಹಾಕುತ್ತಾರೆ. ಇಳಿಜಾರು ತಾನಾಗಿ ಒಯ್ಯುವಾಗ ಗೇರಿನಲ್ಲಿ ಇಂಜಿನ್ ಗುರುಗುಟ್ಟಿಸಿ ಎಣ್ಣೆ ಏಕೆ ದಂಡ ಮಾಡಬೇಕು, ನ್ಯೂಟ್ರಲ್ ಮಾಡಿ ಬಿಟ್ಟರೆ ಪುಕ್ಕಟೆ ಬರುವುದಿಲ್ಲವೇ? ಕಾರ್ಬ್ಯುರೇಟರ್ ಕಾಲದಲ್ಲಿ ಈ ಮಾತಿಗೆ ಅಷ್ಟಿಷ್ಟು ಆಧಾರವಿತ್ತು. ಇಂದಿನ ಇಂಜೆಕ್ಷನ್ ಇಂಜಿನ್ನಿನಲ್ಲಿ ಲೆಕ್ಕ ತಿರುಗುಮುರುಗು: ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರ್ತಿ ನಿಂತುಹೋಗುತ್ತದೆ; ನ್ಯೂಟ್ರಲ್ಲಿಗೆ ತಂದರೆ ಇಂಜಿನ್ ಆರದಂತೆ ನೋಡಿಕೊಳ್ಳಲು ಒಂದಿಷ್ಟು ಹರಿಯುತ್ತಲೇ ಇರಬೇಕು. ಇನ್ನೂ ಮುಂದೆ ಹೋಗಿ ಇಂಜಿನ್ನನ್ನೇ ಆಫ್ ಮಾಡುವ ಮಹಾನುಭಾವರಿದ್ದಾರೆ. ಎರಡು ಮೂರು ಸಲ ಪೆಡಲ್ ಒತ್ತುವಷ್ಟರಲ್ಲಿ ಬ್ರೇಕಿಗೆ ಬಲ ಕೊಡುವ ನಿರ್ವಾತ ಖಾಲಿ, ಪವರ್ ಸ್ಟೇರಿಂಗ್ ಕಲ್ಲು. ಉಳಿಸಿದ್ದು ನಾಲ್ಕು ಕಾಸು.

ಸುಖದ ಮಾತಿಗೆ ಬರೋಣ. ಸರಿಯಾದ ಗೇರಿನಲ್ಲಿ ಇಳಿಯುವ ಕಾರಿಗೆ ಒಂದು ನಡಿಗೆ ಬರುತ್ತದೆ. ಇಂಜಿನ್ನಿನ ದನಿ ಒಂದೇ ಶ್ರುತಿಯಲ್ಲಿ ನಿಂತಿರುತ್ತದೆ. ಇಳಿಜಾರು ಸ್ವಲ್ಪ ಕಡಿದಾದರೆ ದನಿ ಏರುತ್ತದೆ, ಸಪಾಟಾದರೆ ತಗ್ಗುತ್ತದೆ. ಕಣ್ಣಿಗೆ ಕಾಣದ ಏರಿಳಿತವನ್ನು ಕಿವಿ ಮೊದಲು ಹಿಡಿಯುತ್ತದೆ. ಬಲಗಾಲು ಬ್ರೇಕಿನ ಮೇಲೆ ಕೂತಿರುವುದಿಲ್ಲ, ಅದರ ಹತ್ತಿರ ಕಾಯುತ್ತಿರುತ್ತದೆ. ದನಿ ಒಂದು ಮಟ್ಟ ಮೀರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡಬೇಕು. ಬಿಟ್ಟ ಹೊತ್ತಿನಲ್ಲಿ ಡಿಸ್ಕಿಗೆ ಗಾಳಿ ತಗುಲುತ್ತದೆ. ಒತ್ತುವುದು ನೇರ ರಸ್ತೆಯಲ್ಲಿ, ತಿರುವಿನೊಳಗಲ್ಲ. ಹೀಗೆ ಇಳಿಯುವ ಗಾಡಿಯಲ್ಲಿ ಹಿಂದೆ ಕೂತವರ ತಲೆ ಮುಂದಕ್ಕೆ ಮುಗ್ಗರಿಸುವುದಿಲ್ಲ, ಮಗುವಿಗೆ ವಾಂತಿ ಬರುವುದಿಲ್ಲ, ಅಜ್ಜಿ ಸೀಟು ಹಿಡಿದುಕೊಂಡು ದೇವರ ಹೆಸರು ಹೇಳುವುದಿಲ್ಲ. ಚಾಲಕ ಏನೂ ಮಾಡುತ್ತಿಲ್ಲವೇನೋ ಎಂಬಂತೆ ಕಾಣುತ್ತದೆ. ಮೆಚ್ಚುಗೆಯ ಒಂದು ಮಾತೂ ಅವನಿಗೆ ಬರುವುದಿಲ್ಲ, ಏಕೆಂದರೆ ಮೆಚ್ಚುವಂಥ ಘಟನೆಯೇ ನಡೆದಿರುವುದಿಲ್ಲ. ಕಾನೂನು ಕೂಡ ಇಳಿಯುವವನ ಮೇಲೇ ಹೆಚ್ಚಿನ ಭಾರ ಹೊರಿಸಿದೆ: ಎರಡು ಗಾಡಿ ಸಲೀಸಾಗಿ ದಾಟಲಾಗದಷ್ಟು ಕಿರಿದಾದ ಬೆಟ್ಟದ ರಸ್ತೆಯಲ್ಲಿ ಇಳಿಯುವವನೇ ಬದಿಗೆ ನಿಂತು ಹತ್ತುವವನಿಗೆ ಸೈಡ್ ಕೊಡಬೇಕು. ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎಬ್ಬಿಸುವುದು ಕಷ್ಟ ಎಂಬುದು ಅದರ ಹಿಂದಿನ ತಿಳಿವಳಿಕೆ. ಸೀತಾಳಯ್ಯನಗಿರಿಯಾಚೆ ವಾರಾಂತ್ಯದಲ್ಲಿ ಆಗುವ ಗಂಟೆಗಟ್ಟಲೆ ಜಾಮಿನಲ್ಲಿ ಈ ನಿಯಮ ಗೊತ್ತಿಲ್ಲದವರ ಪಾಲು ಸಣ್ಣದಲ್ಲ.

ಇಳಿಯುವುದೇ ವಿದ್ಯೆಯಾದರೆ ಜಗತ್ತಿನ ಹೆಸರಾಂತ ಬೆಟ್ಟದ ರೇಸುಗಳೆಲ್ಲ ಹತ್ತುವುದಕ್ಕೇ ಏಕಿವೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅಮೆರಿಕದ ಕೊಲರಾಡೊದಲ್ಲಿ 4,302 ಮೀಟರ್ ಎತ್ತರದ ಪೈಕ್ಸ್ ಪೀಕ್ ಇದೆ. ಅದರ ತುದಿಯವರೆಗೂ ಕಾರಿನ ರಸ್ತೆಯಿದೆ, 1916ರಿಂದ ಅಲ್ಲಿ ರೇಸು ನಡೆಯುತ್ತಿದೆ. 20 ಕಿಲೋಮೀಟರ್, 156 ತಿರುವು. 2018ರಲ್ಲಿ ರೊಮೇನ್ ಡುಮಾ ಫೋಕ್ಸ್‌ವ್ಯಾಗನ್ನಿನ ಎಲೆಕ್ಟ್ರಿಕ್ ಕಾರಿನಲ್ಲಿ ಅದನ್ನು 8 ನಿಮಿಷಕ್ಕಿಂತ ಕಡಿಮೆ ಹೊತ್ತಿನಲ್ಲಿ ಹತ್ತಿ ದಾಖಲೆ ಬರೆದ. ಅದ್ಭುತವೇ, ಸಂಶಯವಿಲ್ಲ. ಆದರೆ ಅಲ್ಲಿ ಗಡಿಯಾರ ತುದಿಯಲ್ಲಿ ನಿಲ್ಲುತ್ತದೆ. ಇಳಿಯುವಾಗ ಯಾರ ಹೊತ್ತನ್ನೂ ಅಳೆಯುವುದಿಲ್ಲ. ಅಷ್ಟು ಕಸುಬಿನವರನ್ನೂ ಆ ರಸ್ತೆಯಲ್ಲಿ ಕೆಳಮುಖವಾಗಿ ಓಡಿಸುವ ಧೈರ್ಯ ಆಯೋಜಕರಿಗಿಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ. ಅದೇ ರಸ್ತೆಯಲ್ಲಿ ನಮ್ಮ ನಿಮ್ಮಂಥ ಪ್ರವಾಸಿಗರು ಇಳಿಯುವಾಗ ಗ್ಲೆನ್ ಕೋವ್ ಎಂಬಲ್ಲಿ ಸಿಬ್ಬಂದಿ ಪ್ರತಿ ಕಾರನ್ನೂ ನಿಲ್ಲಿಸಿ ಬ್ರೇಕಿನ ಬಿಸಿ ಅಳೆಯುತ್ತಾರೆ. ಕಾದಿದ್ದರೆ ಆರುವವರೆಗೆ ಬದಿಗೆ ನಿಲ್ಲಬೇಕು. ಹತ್ತುವವರಿಗೆ ಇಂಥ ಪರೀಕ್ಷೆಯಿಲ್ಲ. ಆ ತಪಾಸಣೆ ನಮ್ಮ ಘಾಟಿಗಳಲ್ಲೂ ಬಂದರೆ ಎಷ್ಟು ಜನ ಬದಿಗೆ ನಿಲ್ಲಬೇಕಾದೀತು ಎಂದು ಊಹಿಸುವುದೇ ಒಂದು ಮನರಂಜನೆ.

ಸ್ಟೇರಿಂಗ್ ಹಿಡಿದವನಿಗೆ ನೋಟ ದಕ್ಕುವುದಿಲ್ಲ, ಆದ್ದರಿಂದ ಚೆಂದದ ರಸ್ತೆಯಲ್ಲಿ ಓಡಿಸುವುದೇ ನಷ್ಟದ ವ್ಯಾಪಾರ ಎನ್ನುವವರೂ ಇದ್ದಾರೆ. ಹತ್ತುವಾಗ ಇದು ಹೆಚ್ಚುಕಡಿಮೆ ಸರಿ. ಮುಂದಿನ ಗಾಜಿನ ತುಂಬ ಇರುವುದು ಕಡಿದ ಮಣ್ಣಿನ ಗೋಡೆ, ಅದರ ಮೇಲೊಂದು ತುಂಡು ಆಕಾಶ. ಇಳಿಯುವಾಗ ಕಾರಿನ ಮೂತಿ ಕಣಿವೆಗೆ ತಿರುಗುತ್ತದೆ. ಮುಳ್ಳಯ್ಯನಗಿರಿಯಿರುವ ಚಂದ್ರದ್ರೋಣ ಶ್ರೇಣಿಯ ಮೇಲ್ಭಾಗದಲ್ಲಿ ಮರ ಕಡಿಮೆ, ಹುಲ್ಲೇ ಜಾಸ್ತಿ. ಹಾಗಾಗಿ ಮಂಜಿಲ್ಲದ ದಿನ ಕೆಳಗಿನ ಮೂರು ನಾಲ್ಕು ತಿರುವುಗಳು ಒಟ್ಟಿಗೇ ಕಾಣುತ್ತವೆ. ಎರಡನೇ ತಿರುವಿನಲ್ಲಿ ಟೆಂಪೋ ಟ್ರಾವೆಲರ್ ಏರುತ್ತಿದೆ, ಅದರ ಹಿಂದೆ ಎರಡು ಬೈಕು, ಮೊದಲ ತಿರುವಿಗೆ ಸ್ವಲ್ಪ ಮುಂಚೆ ಬದಿಯಲ್ಲಿ ಒಂದಿಷ್ಟು ಜಾಗವಿದೆ, ಅಲ್ಲೇ ಕಾಯುವುದು ಒಳ್ಳೆಯದು ಎಂದು ಲೆಕ್ಕ ಹಾಕುತ್ತಿರುವ ಕಣ್ಣು ಆ ಕಣಿವೆಯನ್ನು ಕಿಟಕಿ ಪಕ್ಕ ಕೂತವನಿಗಿಂತ ಹೆಚ್ಚು ವಿವರವಾಗಿ ನೋಡುತ್ತಿರುತ್ತದೆ. ಸೂರ್ಯಾಸ್ತದ ಬಣ್ಣ ಅವನಿಗೆ ತಪ್ಪಬಹುದು. ಬೆಟ್ಟದ ಮೈಕಟ್ಟು ತಪ್ಪುವುದಿಲ್ಲ.

ಉತ್ತರಿಸಲು ಕಷ್ಟವಾಗುವುದು ನಡೆಯುವವರ ಆಕ್ಷೇಪ. ಸರ್ಪದಾರಿಯಲ್ಲಿ ಬೆವರು ಸುರಿಸಿ ಮುಳ್ಳಯ್ಯನಗಿರಿ ಹತ್ತಿದವರು, ಶಿಖರದ ಬುಡದವರೆಗೆ ಕಾರು ತರುವುದೇ ಬೆಟ್ಟಕ್ಕೆ ಮಾಡುವ ಅಪಚಾರ ಎನ್ನುತ್ತಾರೆ. ಶೋಲಾ ಕಾಡು, ಹುಲ್ಲುಗಾವಲು, ಹಲವು ವರ್ಷಗಳಿಗೊಮ್ಮೆ ಅರಳುವ ನೀಲಿ ಕುರಿಂಜಿಯ ನೆಲ. ಅಲ್ಲಿ ಹೊಗೆ, ಹಾರ್ನು, ಚಿಪ್ಸ್ ಪ್ಯಾಕೆಟ್ಟು. ಇದನ್ನು ಅಲ್ಲಗಳೆಯುವ ಮುಖ ಯಾವ ಕಾರಿನವನಿಗೂ ಇಲ್ಲ. ಬೆಟ್ಟ ಕಡಿದು ಮಾಡಿದ ರಸ್ತೆ ಎಷ್ಟು ನಾಜೂಕಿನದು ಎಂಬುದನ್ನು 2021ರ ಆಗಸ್ಟಿನಲ್ಲಿ ನಂದಿ ಬೆಟ್ಟದ ಗುಡ್ಡ ಕುಸಿದು ರಸ್ತೆಯೇ ಕೊಚ್ಚಿಹೋದಾಗ ನೋಡಿದ್ದೇವೆ. ನನ್ನ ಮಟ್ಟಿಗೆ ಹೇಳುವುದಾದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಏರ್ಪಾಟು ಸರಿ: ಖಾಸಗಿ ವಾಹನ ಬುಡದಲ್ಲೇ ನಿಲ್ಲಬೇಕು, ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು. ಇದರಿಂದ ವಿದ್ಯೆಗೆ ಕುಂದಿಲ್ಲ. ಬಂಡೀಪುರದ ಆ ಬೆಟ್ಟದಲ್ಲಿ ದಿನವಿಡೀ ಬಸ್ಸು ತುಂಬ ಜನರನ್ನು ಹತ್ತಿಸಿ ಇಳಿಸುವ ಡ್ರೈವರಿನ ಹಿಂದಿನ ಸೀಟು ಸಿಕ್ಕರೆ, ಸೆಲ್ಫಿಯ ಗೊಡವೆ ಬಿಟ್ಟು ಅವನ ಎಡಗೈ ಗೇರಿಗೆ ಯಾವಾಗ ಹೋಗುತ್ತದೆ ಎಂದು ನೋಡುತ್ತ ಕೂರಬಹುದು. ತಿರುವು ಕಾಣುವ ಮೊದಲೇ ಹೋಗಿರುತ್ತದೆ.

ಕೊನೆಗೆ ಉಳಿಯುವುದು ಯಂತ್ರವನ್ನು ನಂಬಿದವರು. ಆಟೋಮ್ಯಾಟಿಕ್ ಗೇರು ಬಂತು, ಎಲೆಕ್ಟ್ರಿಕ್ ಕಾರು ಬಂತು, ಇನ್ನು ಈ ಪಾಠವೆಲ್ಲ ಹಳತು ಎನ್ನುತ್ತಾರೆ. ಆಟೋಮ್ಯಾಟಿಕ್ಕಿನ ವಿಷಯ ಬೇಗ ಮುಗಿಸಬಹುದು. ಅದರ ಯಂತ್ರಕ್ಕೆ ಕಾಲು ತೆಗೆದದ್ದು ಗೊತ್ತಾಗುತ್ತದೆ, ಮುಂದಿನ ತಿರುವು ಕಾಣುವುದಿಲ್ಲ. ಎಷ್ಟೋ ಸಲ ಇಳಿಜಾರಿನಲ್ಲಿ ಅದು ಮೇಲಿನ ಗೇರಿಗೆ ಜಾರಿ ಗಾಡಿಯನ್ನು ಸಡಿಲ ಬಿಡುತ್ತದೆ. ಲಿವರಿನ ಪಕ್ಕ ಎಲ್ ಅಂತಲೋ ಪ್ಲಸ್-ಮೈನಸ್ ಅಂತಲೋ ಇರುವುದು ಇಂಥ ಜಾಗಕ್ಕೇ; ಕಾರು ಕೊಂಡಾಗಿನಿಂದ ಅದನ್ನು ಮುಟ್ಟದವರು ಬೇಕಾದಷ್ಟಿದ್ದಾರೆ. ಎಲೆಕ್ಟ್ರಿಕ್ ಕಾರಿನ ಕಥೆ ಹೆಚ್ಚು ಸ್ವಾರಸ್ಯದ್ದು. ಇಳಿಯುವಾಗ ಅದರ ಮೋಟರು ಡೈನಮೊ ಆಗಿ, ಹಂಡೆ ನೀರು ಕುದಿಸಬೇಕಾಗಿದ್ದ ಶಕ್ತಿಯ ದೊಡ್ಡ ಭಾಗವನ್ನು ಬ್ಯಾಟರಿಗೆ ಮರಳಿಸುತ್ತದೆ. 800 ಮೀಟರ್ ಇಳಿದರೆ ಸಪಾಟು ರಸ್ತೆಯಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಓಡುವಷ್ಟು ಕರೆಂಟು ಗಿಟ್ಟಬಹುದು. ಬ್ರೇಕು ತಣ್ಣಗೇ ಇರುತ್ತದೆ. ಆದರೆ ಬ್ಯಾಟರಿಯಲ್ಲಿ ಜಾಗವಿದ್ದರೆ ಮಾತ್ರ! ಗಿರಿಯ ಮೇಲಿನ ಹೋಮ್‌ಸ್ಟೇಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿ, ಬೆಳಿಗ್ಗೆ ನೂರಕ್ಕೆ ನೂರು ತುಂಬಿಸಿಕೊಂಡು ಹೊರಟವನ ಕಾರು ಆ ಕರೆಂಟನ್ನು ಇಡಲು ಜಾಗವಿಲ್ಲದೆ ಮೋಟರಿನ ತಡೆಯನ್ನು ಕಡಿಮೆ ಮಾಡಿಬಿಡುತ್ತದೆ. ಆಗ ಬ್ಯಾಟರಿಯ ಭಾರದಿಂದ ಮತ್ತಷ್ಟು ತೂಗುವ ಆ ಗಾಡಿಗೂ ಉಳಿಯುವುದು ಅದೇ ನಾಲ್ಕು ಬಿಲ್ಲೆ. ಎಂಬತ್ತಕ್ಕೇ ಪ್ಲಗ್ ಕಿತ್ತು ಮಲಗಿದವನ ಇಳಿಯುವ ಕೆಲಸ ಹಿಂದಿನ ರಾತ್ರಿಯೇ ಶುರುವಾಗಿರುತ್ತದೆ.