ಬೆರಳಿಗೆ ಗೊತ್ತು, ತಲೆಗೆ ಗೊತ್ತಿಲ್ಲ

ಒಂದು ಕಾಲಕ್ಕೆ ನಮ್ಮ ಕಡೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ ಮಕ್ಕಳನ್ನು ಬೇಸಿಗೆಯಲ್ಲಿ ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. ರಿಸಲ್ಟ್ ಏನೇ ಬರಲಿ, ಟೈಪಿಂಗಿಗೆ ಹಾಕಿಬಿಡುತ್ತಿದ್ದರು. ಪಾಸಾದರೆ ಕಾಲೇಜಿನ ಜೊತೆಗೊಂದು ಆಸರೆ, ಫೇಲಾದರೆ ಅದೇ ಗತಿ. ಟೈಪಿಂಗು, ಶಾರ್ಟ್‌ಹ್ಯಾಂಡು ಎರಡೂ ಕೈಲಿದ್ದರೆ ಘಟ್ಟದ ಕೆಳಗಿನ ಹುಡುಗರು ಧೈರ್ಯವಾಗಿ ಬೊಂಬಾಯಿ ಬಸ್ಸು ಹತ್ತುತ್ತಿದ್ದರು. ಘಟ್ಟದ ಮೇಲಿನ ನಮ್ಮ ಕನಸು ತಾಲ್ಲೂಕು ಕಚೇರಿಯವರೆಗೆ ಮಾತ್ರ. ಹೆಣ್ಣುಮಕ್ಕಳಾದರೆ ಇನ್ನೊಂದು ಉಪಯೋಗವಿತ್ತು: ನೋಡಲು ಬಂದವರ ಮುಂದೆ ಉಪ್ಪಿಟ್ಟಿನ ತಟ್ಟೆ ಇಡುತ್ತ ನಮ್ಮಮ್ಮ, "ಟೈಪಿಂಗ್ ಸೀನಿಯರ್ ಆಗಿದೆ" ಎಂದು ಸೇರಿಸಬಹುದಿತ್ತು.

ನಮ್ಮೂರಿನ ಇನ್‌ಸ್ಟಿಟ್ಯೂಟು ಇದ್ದದ್ದು ಬಸ್ ಸ್ಟ್ಯಾಂಡಿನ ಹಿಂದೆ, ಹೋಟೆಲೊಂದರ ಮಹಡಿಯಲ್ಲಿ. ಕೆಳಗಿನಿಂದ ಹುರಿದ ರವೆಯ ವಾಸನೆ, ಮೇಲೆ ಟಕಟಕ ಸದ್ದು. ಸಾಲಿನಲ್ಲಿ ರೆಮಿಂಗ್ಟನ್, ಹಾಲ್ಡಾ, ಗೋದ್ರೆಜ್ ಯಂತ್ರಗಳು. ನಮ್ಮ ದೇಶದಲ್ಲೇ ಟೈಪ್‌ರೈಟರ್ ತಯಾರಿಸಲು ಗೋದ್ರೆಜ್‌ನವರು ಶುರುಮಾಡಿದ್ದು 1955ರಲ್ಲಿ. ಆದರೆ ಆ ಯಂತ್ರಗಳೆಲ್ಲ ಸೀನಿಯರ್ ಪರೀಕ್ಷೆಗೆ ಕೂರುವವರ ಪಾಲು. ಹೊಸದಾಗಿ ಸೇರಿದವರಿಗೆ ಅಕ್ಷರ ಸವೆದ, ಮುದಿ ರೆಮಿಂಗ್ಟನ್ನೇ ಗತಿ. ಪಾಠ ಒಂದೇ: ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಹಾಳೆ ತುಂಬುವವರೆಗೂ ಅದೇ. ಎಡಗೈ ಕಿರುಬೆರಳಿಗೆ ಎ ಒತ್ತುವಷ್ಟು ಕಸುವು ಇರುತ್ತಿರಲಿಲ್ಲ. ಹಾಗಾಗಿ ಎ ಮಾತ್ರ ಮಸುಕಾಗಿ, ಎಸ್ ಕಪ್ಪಗೆ ಮೂಡುತ್ತಿತ್ತು. ಹಾಳೆಯನ್ನು ಬೆಳಕಿಗೆ ಹಿಡಿದರೆ ಸಾಕು, ಯಾವ ಬೆರಳು ಸೋಮಾರಿ ಎಂದು ಮೇಷ್ಟ್ರು ಹೇಳಿಬಿಡುತ್ತಿದ್ದರು. ಯಾರಾದರೂ ಕೀಲಿಯ ಕಡೆ ಬಗ್ಗಿ ನೋಡಿದರೆ ಹೆಗಲ ಮೇಲಿನ ಟವೆಲ್ಲು ಬಂದು ಕೈಗಳ ಮೇಲೆ ಬೀಳುತ್ತಿತ್ತು. "ಕಾಗದ ನೋಡಮ್ಮ, ಕೈ ಎಲ್ಲಿಗೂ ಓಡಿಹೋಗಲ್ಲ."

ನೋಡಬಾರದು ಎನ್ನುವ ಈ ಹಟಕ್ಕೆ ದೊಡ್ಡ ಇತಿಹಾಸವಿದೆ. ಅಮೆರಿಕದ ಮಿಲ್ವಾಕಿಯ ಕ್ರಿಸ್ಟೋಫರ್ ಶೋಲ್ಸ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1868ರಲ್ಲಿ. ಬಂದೂಕು ಮಾಡುತ್ತಿದ್ದ ರೆಮಿಂಗ್ಟನ್ ಕಂಪನಿ ಅದನ್ನು 1874ರಲ್ಲಿ ಮಾರುಕಟ್ಟೆಗೆ ತಂದಿತು. ಅದರಲ್ಲಿ ಅಕ್ಷರದ ಕಡ್ಡಿಗಳು ರೋಲರಿನ ಅಡಿಯಿಂದ ಬಂದು ಬಡಿಯುತ್ತಿದ್ದವು, ಹೊಡೆದದ್ದು ಕೂಡಲೇ ಕಾಣುತ್ತಲೇ ಇರಲಿಲ್ಲ. ಕಾಗದ ಕಾಣದಿದ್ದರೂ ಜನ ಕೀಲಿಗಳನ್ನು ಮಾತ್ರ ನೋಡಿಯೇ ಒತ್ತುತ್ತಿದ್ದರು. ಸಾಲ್ಟ್ ಲೇಕ್ ಸಿಟಿಯ ಕೋರ್ಟಿನಲ್ಲಿ ಶೀಘ್ರಲಿಪಿಕಾರನಾಗಿದ್ದ ಫ್ರಾಂಕ್ ಮೆಕ್‌ಗರಿನ್ ಅದನ್ನೂ ನೋಡದೆ ಹತ್ತು ಬೆರಳಲ್ಲಿ ಹೊಡೆಯುವುದನ್ನು ತಾನೇ ರೂಢಿಮಾಡಿಕೊಂಡ. 1888ರ ಜುಲೈ 25ರಂದು ಸಿನ್ಸಿನಾಟಿಯಲ್ಲಿ ಲೂಯಿ ಟ್ರಾಬ್ ಎಂಬಾತನ ಜೊತೆ ಅವನ ಪಂದ್ಯ ನಡೆಯಿತು. 45 ನಿಮಿಷ ಹೇಳಿದ್ದನ್ನು ಹೊಡೆಯಬೇಕು, 45 ನಿಮಿಷ ಬರೆದದ್ದನ್ನು ನೋಡಿ ಹೊಡೆಯಬೇಕು. ಬಹುಮಾನ 500 ಡಾಲರ್. ಎರಡರಲ್ಲೂ ಮೆಕ್‌ಗರಿನ್ನೇ ಗೆದ್ದ. ಗಮನಿಸಬೇಕಾದ್ದು ಎರಡನೆಯ ಭಾಗ: ಕಾಗದಕ್ಕೂ ಕೀಲಿಗೂ ಕಣ್ಣು ಓಡಾಡಿಸಬೇಕಾದ ಟ್ರಾಬ್ ಅಲ್ಲಿ ಪೂರಾ ಹಿಂದೆ ಬಿದ್ದ. ಅವನ ಬೆರಳೇನೂ ನಿಧಾನವಾಗಿರಲಿಲ್ಲ, ಕಣ್ಣಿಗೆ ಎರಡು ಕಡೆ ಚಾಕರಿ ಇತ್ತು ಅಷ್ಟೆ. ವೇಗ ಹೆಚ್ಚಬೇಕಾದರೆ ಮೊದಲು ಕಣ್ಣಿಗೆ ಬಿಡುವು ಕೊಡಬೇಕು ಎಂಬುದನ್ನು ನಮ್ಮ ಮೇಷ್ಟ್ರು ಟವೆಲ್ಲಿನಲ್ಲಿ ಹೇಳಿಕೊಟ್ಟರು.

ಕಣ್ಣಿಗೆ ಬಿಡುವು ಸಿಕ್ಕಿದ ಮೇಲೆ ತಲೆಯೂ ರಜೆ ಹಾಕುತ್ತದೆ. ಮೊನ್ನೆ ತಂಗಿಯ ಮಗ, "ದೊಡ್ಡಮ್ಮ, ಕ್ಯೂ ಪಕ್ಕದಲ್ಲಿ ಏನಿದೆ?" ಎಂದ. ಇಷ್ಟು ವರ್ಷ ಟೈಪಿಂಗಿನಲ್ಲೇ ಅನ್ನ ತಿಂದವಳಿಗೆ ಬಾಯಿ ಬರಲಿಲ್ಲ. ಊಟದ ಮೇಜಿನ ಮೇಲೆ ಬೆರಳಾಡಿಸಿ ನೋಡಿಕೊಂಡು "ಡಬ್ಲ್ಯೂ" ಎಂದೆ. ಅವನು ನಕ್ಕ. 2013ರಲ್ಲಿ ಪ್ರಕಟವಾದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರ ಅಧ್ಯಯನ ನನ್ನ ಮಾನ ಉಳಿಸಿತು. ಸರಾಗವಾಗಿ ಟೈಪ್ ಮಾಡುವವರ ಮುಂದೆ ಖಾಲಿ ಕೀಬೋರ್ಡಿನ ಚಿತ್ರ ಇಟ್ಟು ಅಕ್ಷರ ತುಂಬಿಸಿ ಎಂದರೆ, ಸರಾಸರಿ ಹದಿನೈದು ಅಕ್ಷರಗಳನ್ನಷ್ಟೇ ಅವರು ಸರಿಯಾದ ಜಾಗಕ್ಕೆ ಹಾಕಿದರಂತೆ.

ಕಚೇರಿಗೆ ಕಂಪ್ಯೂಟರ್ ಬಂದಾಗ ಬೆರಳಿಗೆ ಹೊಸ ಬುದ್ಧಿ ಕಲಿಸಬೇಕಾಯಿತು. ಮೂರು ಕಾರ್ಬನ್ ಪ್ರತಿ ಮೂಡುವಂತೆ ಕುಟ್ಟಿ ಅಭ್ಯಾಸವಾದ ಕೈ. ಪಕ್ಕದ ಮೇಜಿನವರು "ಮೇಡಂ, ಪಾಪದ ಕೀಬೋರ್ಡು, ಮೆಲ್ಲಗೆ" ಎನ್ನುತ್ತಿದ್ದರು. ಹಳೆಯ ಯಂತ್ರದಲ್ಲಿ ಒಂದು ಕೀಲಿ ಬಿಡುವ ಮೊದಲೇ ಇನ್ನೊಂದನ್ನು ಒತ್ತಿದರೆ ಎರಡು ಕಡ್ಡಿಗಳು ಸಿಕ್ಕಿಹಾಕಿಕೊಳ್ಳುತ್ತಿದ್ದವು, ಬಿಡಿಸುವಷ್ಟರಲ್ಲಿ ಬೆರಳೆಲ್ಲ ಮಸಿ. ಅದಕ್ಕೇ ಮೇಷ್ಟ್ರು ಮೇಜು ತಟ್ಟುತ್ತ ಒಂದೇ ಲಯಕ್ಕೆ ಹೊಡೆಸುತ್ತಿದ್ದರು. ಈಗಿನ ಲೆಕ್ಕ ತಿರುವುಮುರುವು. ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದವರು 2018ರಲ್ಲಿ 1,68,000 ಜನರ ಟೈಪಿಂಗನ್ನು ಪರಿಶೀಲಿಸಿ ಕಂಡದ್ದು ಇದು: ವೇಗದವರು ಹಿಂದಿನ ಕೀಲಿಯಿಂದ ಬೆರಳು ಎತ್ತುವ ಮೊದಲೇ ಮುಂದಿನದನ್ನು ಒತ್ತಿರುತ್ತಾರೆ, ತಬಲದವರ ಹಾಗೆ. ಅಂದು ಬೈಸಿಕೊಂಡ ದುರಭ್ಯಾಸ ಇಂದು ಜಾಣತನ! ಆದರೆ ವೇಗದವರು ತಪ್ಪನ್ನೂ ಕಡಿಮೆ ಮಾಡುತ್ತಾರೆ ಎಂದೂ ಅದೇ ಅಧ್ಯಯನ ಹೇಳುತ್ತದೆ. ಮೊದಲು ತಪ್ಪಿಲ್ಲದೆ ಹೊಡಿ, ಸ್ಪೀಡು ತಾನಾಗಿ ಬರುತ್ತೆ ಎಂಬ ಹಳೆಯ ಮಾತಿಗೆ ಚ್ಯುತಿಯಿಲ್ಲ.

ಕನ್ನಡದಲ್ಲಿ ಟೈಪ್ ಮಾಡಲು ಮತ್ತೆ ಮೊದಲಿಂದ ಕಲಿಯಬೇಕಾಗುತ್ತದೆಂದು ಹೆದರಿದ್ದೆ. ಕೆ.ಪಿ. ರಾವ್ ಅವರ ಕೀಲಿಮಣೆ ಕಾಪಾಡಿತು. ನುಡಿ ತಂತ್ರಾಂಶದಲ್ಲಿ ಇರುವುದು ಅದೇ ವಿನ್ಯಾಸ. ಕೆ ಒತ್ತಿದರೆ ಕ, ಎನ್ ಒತ್ತಿದರೆ ನ. ಒತ್ತಕ್ಷರ ಬೇಕೆಂದರೆ ನಡುವೆ ಎಫ್. ಕೆ, ಎನ್, ಎಫ್, ಎನ್, ಡಬ್ಲ್ಯೂ: 'ಕನ್ನಡ' ಸಿದ್ಧ. ವ್ಯಂಜನದಲ್ಲೇ ಅಕಾರ ಸೇರಿರುವುದರಿಂದ ಪ್ರತಿ ವ್ಯಂಜನದ ಹಿಂದೆಯೂ ಎ ಒತ್ತುವ ಕೆಲಸ ನನ್ನ ಸೋಮಾರಿ ಕಿರುಬೆರಳಿಗಿಲ್ಲ. ಅಕ್ಕ, ಅಮ್ಮ, ಅಜ್ಜ, ಯಾರನ್ನು ಕರೆದರೂ ಬೇಕಾಗುವ ಎಫ್ ಇರುವುದೋ ಗಟ್ಟಿಮುಟ್ಟಾದ ತೋರುಬೆರಳಿನ ಅಡಿಯಲ್ಲೇ. ಇಂಗ್ಲಿಷಿಗೆಂದು ಹುಟ್ಟಿದ ಕೀಲಿಗಳ ಮೇಲೆ ಕನ್ನಡ ಇಂಗ್ಲಿಷಿಗಿಂತ ಹಾಯಾಗಿ ಕುಳಿತಿದೆ.

ಸ್ಪೀಡಿನ ಲೆಕ್ಕದಲ್ಲಿ ಮಾತ್ರ ನನಗೊಂದು ತಕರಾರಿದೆ. ಇಂಗ್ಲಿಷಿನವರು ಐದು ಒತ್ತಿಗೆ ಒಂದು ಪದವೆಂದು ಹಿಡಿಯುತ್ತಾರೆ. ನಮ್ಮಲ್ಲಿ 'ಹೋಗಬೇಕಾಗಿದ್ದವರೆಲ್ಲರೂ' ಎಂಬ ಒಂದೇ ಪದಕ್ಕೆ ಇಪ್ಪತ್ತು ಒತ್ತು. ಕನ್ನಡದಲ್ಲಿ ನನ್ನ ವೇಗ ಎಷ್ಟೆಂದು ತಂಗಿಯ ಮಗ ಕೇಳಿದರೆ ಒತ್ತು ಎಣಿಸಿಯೇ ಹೇಳುವವಳು ನಾನು. ಪದ ಎಣಿಸಿದರೆ ಮುಕ್ಕಾಲು ಕೂಲಿ ಖೋತಾ.