ಹತ್ತು ಆಟಕ್ಕೆ ಏಳು ಪಾಯಿಂಟು

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಚೆಸ್ ಆಡುವ ಪ್ರೋಗ್ರಾಂಗಳಾದ ಎಂಜಿನ್‌ಗಳ ಹತ್ತಿರ ಈ ಲೆಕ್ಕ ನಡೆಯುವುದಿಲ್ಲ; ಒಂದು ಆಟ ನೋಡಿ ಬಲ ಹೇಳಲಾಗದು. ನನಗೆ ಅವುಗಳ ಮೇಲೆ ಇಷ್ಟು ಅಕ್ಕರೆ ಹುಟ್ಟಿದ್ದೇ ಅದರಿಂದ.

ಎರಡು ಎಂಜಿನ್‌ಗಳನ್ನು ಕಂಪ್ಯೂಟರಿನಲ್ಲಿ ಎದುರುಬದುರು ಕೂರಿಸಿ ಆಡಲು ಬಿಡುವುದು ನನ್ನ ಹವ್ಯಾಸ. ಇಲ್ಲಿ ಸೋಲೂರಿನಲ್ಲಿ ಊಟ ಮುಗಿದು, ಹೆದ್ದಾರಿಯಲ್ಲಿ ಧರ್ಮಸ್ಥಳದ ರಾತ್ರಿ ಬಸ್ಸುಗಳು ಹಾದುಹೋಗುವ ಹೊತ್ತಿಗೆ ಪಂದ್ಯ ಶುರು ಮಾಡುತ್ತೇನೆ. ಒಂದೊಂದು ಓಪನಿಂಗನ್ನೂ (ಆಟದ ಮೊದಲ ನಡೆಗಳ ಸಾಲನ್ನೂ) ಎರಡು ಸಲ ಆಡಿಸಬೇಕು. ಬಿಳಿ ಕಾಯಿ ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ. ಇಲ್ಲದಿದ್ದರೆ ಓಪನಿಂಗಿನ ಬಲವೇ ಎಂಜಿನ್ನಿನ ಬಲದಂತೆ ಕಾಣುತ್ತದೆ. ಪರದೆಯ ಮೇಲೆ ಗೆಲುವು, ಸೋಲು, ಡ್ರಾಗಳ ಅಂಕಿಗಳು ಬೆಳೆಯುತ್ತಾ ಹೋಗುತ್ತವೆ. ಪಕ್ಕದಲ್ಲಿ ರೇಟಿಂಗ್ ಅಂತರ, ಅದರ ಬೆನ್ನಿಗೇ ‘ಇಷ್ಟು ಆಚೀಚೆ’ ಎನ್ನುವ ಇನ್ನೊಂದು ಅಂಕಿ. ನನ್ನ ಕಣ್ಣೆಲ್ಲ ಆ ಕೊನೆಯದರ ಮೇಲೆ.

ಹತ್ತು ಆಟ ಮುಗಿದಿವೆ ಅನ್ನಿ. ಆರು ಗೆಲುವು, ಎರಡು ಸೋಲು, ಎರಡು ಡ್ರಾ: ಗೆಲುವಿಗೆ ಒಂದು, ಡ್ರಾಗೆ ಅರ್ಧದಂತೆ ಏಳು ಪಾಯಿಂಟು. ರೇಟಿಂಗ್ ಲೆಕ್ಕ ಹಾಕುವ ಅರ್ಪಾದ್ ಎಲೋ ಅವರ ಸೂತ್ರಕ್ಕೆ ಹಾಕಿದರೆ 147 ರೇಟಿಂಗ್ ಪಾಯಿಂಟುಗಳ ಮೇಲುಗೈ. ಕೇಳಲು ಭರ್ಜರಿ! ಈಗ ಡ್ರಾಗಳನ್ನು ಬದಿಗಿಟ್ಟು, ಎರಡೂ ಸಮಬಲವೆಂದೇ ಇಟ್ಟುಕೊಳ್ಳಿ. ಎಂಟು ಸಲ ನಾಣ್ಯ ಚಿಮ್ಮಿದರೆ ಯಾವುದೋ ಒಂದು ಮುಖ ಆರು ಸಲವೋ ಅದಕ್ಕಿಂತ ಹೆಚ್ಚೋ ಬೀಳುವ ಸಂಭವ 256ಕ್ಕೆ 74, ಅಂದರೆ ನೂರಕ್ಕೆ ಸುಮಾರು 29. ಇಂಥ ಫಲಿತಾಂಶವನ್ನು ಹಿಡಿದು ಯಾವ ಎಂಜಿನ್ನಿಗೂ ಪಟ್ಟ ಕಟ್ಟಬಾರದು. ಆಟ ನಾಲ್ಕು ಪಟ್ಟಾದರೆ ಅನುಮಾನ ಅರ್ಧಕ್ಕಿಳಿಯುತ್ತದೆ, ಅಷ್ಟೇ. ಸಮಬಲದ ಜೋಡಿ ಸಾವಿರ ಆಟ ಆಡಿದರೂ ಹತ್ತಿಪ್ಪತ್ತು ರೇಟಿಂಗ್ ಪಾಯಿಂಟಿನಷ್ಟು ಆಚೀಚೆ ಉಳಿದೇ ಇರುತ್ತದೆ.

1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿದ್ದು ಆರೇ ಆಟದ ಪಂದ್ಯದಲ್ಲಿ: ಎರಡು ಗೆಲುವು, ಒಂದು ಸೋಲು, ಮೂರು ಡ್ರಾ. ಇತಿಹಾಸವೇನೋ ಆಯಿತು, ಅದನ್ನು ಬಲದ ಅಳತೆ ಎಂದು ಮಾತ್ರ ನಾನು ಒಪ್ಪಲಾರೆ. 2017ರ ಡಿಸೆಂಬರಿನಲ್ಲಿ ಬಂದ ಆಲ್ಫಾಝೀರೋ ಎಂಬ ಹೊಸ ಎಂಜಿನ್ನಿನ ಸುದ್ದಿಯ ತೂಕವೇ ಬೇರೆ. ಸ್ಟಾಕ್‌ಫಿಶ್ 8 ಎಂಬ ಎಂಜಿನ್ನಿನ ಎದುರು ನೂರು ಆಟ, 28 ಗೆಲುವು, 72 ಡ್ರಾ, ಒಂದೂ ಸೋಲಿಲ್ಲ. ಎರಡೂ ಸಮಬಲವಾಗಿದ್ದರೆ, ಡ್ರಾ ಬಿಟ್ಟು ಉಳಿದ 28 ಆಟಗಳನ್ನೂ ಆಲ್ಫಾಝೀರೋ ಒಂದೇ ಗೆಲ್ಲುವುದು ಸುಮಾರು 27 ಕೋಟಿಗೊಮ್ಮೆ. ಯಾರು ಬಲಶಾಲಿ ಎಂಬುದು ಅಲ್ಲಿಗೆ ಇತ್ಯರ್ಥವಾಯಿತು. ಎಷ್ಟು ಎಂಬುದು ಆಗಲಿಲ್ಲ. ಸ್ಟಾಕ್‌ಫಿಶ್‌ಗೆ ನಡೆಗೊಂದು ನಿಮಿಷವೆಂದು ಕಟ್ಟು ಹಾಕಿದ್ದು ಸರಿಯಲ್ಲವೆಂಬ ತಕರಾರಿತ್ತು. ಮರುವರ್ಷ ಬೇರೆ ಷರತ್ತಿನಲ್ಲಿ ಸಾವಿರ ಆಟಗಳ ಲೆಕ್ಕ ಹೊರಬಂತು: 155 ಗೆಲುವು, 6 ಸೋಲು, ಉಳಿದದ್ದು ಡ್ರಾ. ನೂರು ರೇಟಿಂಗ್ ಪಾಯಿಂಟಿನಷ್ಟಿದ್ದ ಅಂತರ ಐವತ್ತರ ಆಸುಪಾಸಿಗೆ ಬಂದು ನಿಂತಿತು.

ಸ್ಟಾಕ್‌ಫಿಶ್ ಬೆಳೆಸುವವರ ತಾಳ್ಮೆ ನನಗೆ ಬಹಳ ಇಷ್ಟ. ಒಂದೆರಡು ಪಾಯಿಂಟಿನ ಸುಧಾರಣೆಗೂ ಅವರು ಹತ್ತಾರು ಸಾವಿರ ಆಟ ಆಡಿಸುತ್ತಾರೆ. ಜಗತ್ತಿನ ಮೂಲೆಮೂಲೆಯ ಜನ ತಮ್ಮ ಕಂಪ್ಯೂಟರನ್ನು ಆ ಕೆಲಸಕ್ಕೆ ಬಿಟ್ಟುಕೊಡುತ್ತಾರೆ. ಸಾಕ್ಷ್ಯ ಎಲ್ಲಿ ಮುಟ್ಟಿದರೆ ನಿಲ್ಲಿಸಬೇಕೆಂಬ ಗೆರೆಯನ್ನು ಮೊದಲೇ ಎಳೆದಿರುತ್ತಾರೆ, ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞ ಹಾಕಿಕೊಟ್ಟ ದಾರಿಯಲ್ಲಿ. ಮೆಚ್ಚಿನ ಎಂಜಿನ್ ಮುಂದಿದ್ದಾಗ ಪಂದ್ಯ ಮುಗಿಸಿಬಿಡುವ ಆಸೆಗೆ ಅಲ್ಲಿ ಜಾಗವಿಲ್ಲ. ನಾನೂ ಆಟಗಳ ಸಂಖ್ಯೆಯನ್ನು ಪಂದ್ಯಕ್ಕೆ ಮೊದಲೇ ಬರೆದಿಡುತ್ತೇನೆ. ಅದು ಮುಗಿಯುವ ತನಕ ಯಾವ ಎಂಜಿನ್ನನ್ನೂ ಯಾರ ಮುಂದೆಯೂ ಹೊಗಳುವುದಿಲ್ಲ.