ಉಪ್ಪು ಎಲ್ಲಿ ಹೋಯಿತು?

ಬಾಷ್ಪವಿಸರ್ಜನೆಯ ಪಾಠ ಯೋಜನೆಯಲ್ಲಿ ನಾವೆಲ್ಲ ಬರೆಯುವ ಚಟುವಟಿಕೆ ಒಂದೇ: ಎಲೆಗಳಿರುವ ರೆಂಬೆಗೆ ಪಾಲಿಥಿನ್ ಚೀಲ ಕಟ್ಟಿ, ಒಳಗೆ ಕೂಡುವ ಹನಿಗಳನ್ನು ತೋರಿಸುವುದು. ಮಾಲೂರಿನ ಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕೆ ಹೋದಾಗ ಏಳನೇ ತರಗತಿಗಾಗಿ ಇದಕ್ಕೆ ಒಂದು ಹೆಜ್ಜೆ ಸೇರಿಸಿದೆ. ಕೊಳವೆಬಾವಿಯ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಕರೆ ಕಟ್ಟುವುದನ್ನು ಮಕ್ಕಳು ಮನೆಯಲ್ಲೇ ಕಂಡಿದ್ದಾರೆ. ಅದೇ ನೀರು ಕುಡಿದು ಬೆಳೆದ ಹೊಂಗೆಗೆ ಚೀಲ ಕಟ್ಟಿಸಿದೆ. ಸಂಜೆ ಅದರ ಹನಿಗಳನ್ನೂ ಅಷ್ಟೇ ಅಳತೆಯ ಕೊಳವೆಬಾವಿ ನೀರನ್ನೂ ಎರಡು ಸ್ಟೀಲ್ ತಟ್ಟೆಗಳಲ್ಲಿ ಆರಲು ಇಟ್ಟೆವು. ಮರುದಿನ ಒಂದರಲ್ಲಿ ಬಿಳಿ ಕಲೆ, ಇನ್ನೊಂದು ಸ್ವಚ್ಛ.

“ಹಂಗಾದ್ರೆ ಉಪ್ಪು ಎಲ್ಲೋಯ್ತು ಮಿಸ್? ಗಿಡ ತಿಂದ್ಬಿಡ್ತಾ?” ಎಂದು ಒಬ್ಬಳು ಕೇಳಿದಳು. ಪಾಠ ತಿರುಗಿದ್ದು ಅಲ್ಲಿ.

ಎಲೆಯಿಂದ ಆವಿಯಾಗುವುದು ನೀರು ಮಾತ್ರ. ಲವಣದ ಹೆಚ್ಚು ಪಾಲು ಬೇರಿನ ಹೊರಗೆ ಮಣ್ಣಿನಲ್ಲೇ ಉಳಿಯುತ್ತದೆ. ಸ್ವಲ್ಪ ಎಲೆಯವರೆಗೂ ಹೋಗುತ್ತದೆ. ಕುಂದಾಪುರ, ಅಘನಾಶಿನಿಯ ಹಿನ್ನೀರಿನ ಕಾಂಡ್ಲಾ ಗಿಡಗಳ ಉದಾಹರಣೆ ಕೊಟ್ಟೆ. ಅವು ಬೇರಿನಲ್ಲೇ ಉಪ್ಪನ್ನು ತಡೆಯುತ್ತವೆ. ಕೆಲವು ಜಾತಿಗಳು ಒಳಬಂದ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತವೆ. ಇನ್ನು ಕೆಲವು ಉಪ್ಪುಸಹಿಷ್ಣು ಸಸ್ಯಗಳು ದಪ್ಪ ಎಲೆಗಳಲ್ಲಿ ಉಪ್ಪನ್ನು ಕೂಡಿಡುತ್ತವೆ. ಅವನ್ನು ಕೊಯ್ದು ಹೊರಗೆ ಸಾಗಿಸಿದರೆ ಮಾತ್ರ ಆ ಉಪ್ಪು ಹೊಲ ಬಿಡುತ್ತದೆ. ಅಲ್ಲೇ ಕೊಳೆತರೆ ಮತ್ತೆ ಮಣ್ಣಿಗೆ.

“ನಮ್ ಕೆರೇಲಿ ಜೊಂಡು ಬೆಳೆಸಿದ್ರೆ ನೀರು ಸಿಹಿಯಾಗುತ್ತಾ?” ಇದು ಮುಂದಿನ ಪ್ರಶ್ನೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿಯುತ್ತಿರುವ ಜಿಲ್ಲೆಯಲ್ಲಿ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. ಜೊಂಡು ಸಾರಜನಕ, ರಂಜಕಗಳನ್ನು ಹೀರುತ್ತದೆ, ಕೆಸರನ್ನು ತಡೆಯುತ್ತದೆ. ಆದರೆ ನೀರನ್ನು ಆವಿ ಮಾಡಿ ಉಪ್ಪನ್ನು ಬಿಡುವುದರಿಂದ, ನಿಂತ ನೀರಿನಲ್ಲಿ ಲವಣದ ಸಾಂದ್ರತೆ ಏರಲೂಬಹುದು. ನಮ್ಮ ಫ್ಲೋರೈಡ್‌ಗೂ ಅದು ಮದ್ದಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಹಲ್ಲಿನ ಮೇಲೆ ಕಂದು ಕಲೆಯಿರುವ ಮಕ್ಕಳ ಮುಂದೆ ನಿಂತು “ಗಿಡ ನೆಟ್ಟರೆ ಎಲ್ಲ ಸರಿಹೋಗುತ್ತದೆ” ಎಂದು ಪಾಠ ಮುಗಿಸಲು ನನಗೆ ಮನಸ್ಸು ಬರಲಿಲ್ಲ.

ಮೌಲ್ಯಮಾಪನದ ಕಲಂನಲ್ಲಿ “ಬಾಷ್ಪವಿಸರ್ಜನೆ ಎಂದರೇನು?” ಎಂಬುದರ ಜೊತೆಗೆ “ಬೇರ್ಪಟ್ಟದ್ದು ಎಲ್ಲಿಗೆ ಹೋಯಿತು?” ಎಂದೂ ಬರೆದೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊತ್ತು ತರುವ ಹುಡುಗನೊಬ್ಬ ಉತ್ತರಿಸಿದ: “ಅಲ್ಲಿ ಹಿಂದ್ಗಡೆ ಪೈಪಿಂದ ಚರಂಡಿಗೆ ಬಿಡ್ತಾರೆ ಮಿಸ್. ಅದ್ರಲ್ಲೇ ಇರ್ಬೇಕು.” ಆ ಪೈಪಿನ ನೀರನ್ನು ತಟ್ಟೆಯಲ್ಲಿ ಒಣಗಿಸಿ ನೋಡುವುದೇ ಮುಂದಿನ ಪಾಠದ ಚಟುವಟಿಕೆಯಾಯಿತು.